ಶಾರ್ಜಾಕ್ಕೆ ಕೆಲಸಕ್ಕೆ ಹೊರಟಿದ್ದೀರಾ? ಮೊದಲು ದಾರಿ ಅಳೆಯಿರಿ

ಹೋದ ವಾರ ಹೊನ್ನಾವರ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಕೇರಿಯ ಹುಡುಗ ಸಿಕ್ಕಿದ. ಮೊಬೈಲ್ ತೆಗೆದು ಒಂದು ಆಫರ್ ಲೆಟರ್ ತೋರಿಸಿದ. "ಅಣ್ಣ, ತಿಂಗಳಿಗೆ 3,000 ದಿರ್ಹಂ ಕೊಡ್ತಾರಂತೆ. ಹೋಗ್ಲಾ?" ಅಂತ ಕೇಳಿದ.

"ಕೆಲಸ ಎಲ್ಲಿ? ಉಳಿಯೋದು ಎಲ್ಲಿ?" ಅಂದೆ.

"ದುಬೈ" ಅಂದ. ಅದಕ್ಕಿಂತ ಹೆಚ್ಚು ಅವನಿಗೆ ಗೊತ್ತಿರಲಿಲ್ಲ.

ನಮ್ಮ ಕಡೆ ಎಲ್ಲದಕ್ಕೂ ದುಬೈ ಅಂತಲೇ ಹೇಳುತ್ತೇವೆ. ಶಾರ್ಜಾದಲ್ಲಿ ಇದ್ದವನೂ ದುಬೈಯಲ್ಲಿದ್ದಾನೆ, ಅಜ್ಮಾನಿನಲ್ಲಿ ಇದ್ದವನೂ ದುಬೈಯಲ್ಲಿದ್ದಾನೆ. ಭಟ್ಕಳದ ನವಾಯತ ಮನೆಗಳಲ್ಲಿ ಗಲ್ಫ್ ತಲೆಮಾರುಗಳ ಮಾತು. ಅಲ್ಲಿ ಹೊಸಬರಿಗೆ ದಾರಿ ಹೇಳಲು ಮಾವನೋ, ದೊಡ್ಡಪ್ಪನೋ ಇರುತ್ತಾರೆ. ಕುಮಟಾ, ಅಂಕೋಲಾ, ಸಿದ್ದಾಪುರ, ಶಿರಸಿ ಕಡೆಯಿಂದ ಮೊದಲ ಸಲ ಹೊರಡುವ ಹುಡುಗರಿಗೆ ಅಂಥವರು ಕಡಿಮೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಅಲ್ಲಿ ಸ್ಟೋರ್‌ಕೀಪರ್ ಆಗಿ ಒಂಬತ್ತು ವರ್ಷ ಇದ್ದು ಬಂದವನು. ಮೊದಲ ವರ್ಷ ಮಾಡಿದ ತಪ್ಪಿನ ಬೆಲೆ ಇನ್ನೂ ನೆನಪಿದೆ.

ಮೊದಲ ಹೆಜ್ಜೆ: ಮ್ಯಾಪ್ ತೆಗೆಯಿರಿ

ದುಬೈ, ಶಾರ್ಜಾ, ಅಜ್ಮಾನ್ ಮೂರೂ ಯುಎಇ ಅನ್ನುವ ಒಂದೇ ದೇಶದ ಬೇರೆ ಬೇರೆ ಊರುಗಳು. ಶಾರ್ಜಾ ದುಬೈಗೆ ಅಂಟಿಕೊಂಡೇ ಇದೆ. ಎರಡು ಊರಿನ ನಡುವೆ ಗಡಿ ಎಲ್ಲಿ ಅಂತ ಹೊಸಬರಿಗೆ ಗೊತ್ತೂ ಆಗುವುದಿಲ್ಲ. ದುಬೈಯಲ್ಲಿ ಬಾಡಿಗೆ ಜಾಸ್ತಿ, ಶಾರ್ಜಾದಲ್ಲಿ ಕಡಿಮೆ, ಅಜ್ಮಾನಿನಲ್ಲಿ ಇನ್ನೂ ಕಡಿಮೆ. ಅದಕ್ಕೇ ಜನ ಇಲ್ಲಿ ಮಲಗುತ್ತಾರೆ, ಅಲ್ಲಿ ದುಡಿಯುತ್ತಾರೆ. ಶಾರ್ಜಾ ಈಗ ಸಮುದ್ರದ ಕಡೆಯಿಂದ ಮರಳಿನ ಕಡೆಗೆ ಬೆಳೆಯುತ್ತಿದೆ. ಹಳೆಯ ರೋಲಾ, ಅಲ್ ಖಾಸಿಮಿಯಾ, ಅಲ್ ನಹ್ದಾ ಬಡಾವಣೆಗಳನ್ನು ಬಿಟ್ಟು ಜನ ಹೊಸ ಬಡಾವಣೆ ಮುವೈಲಾ ಕಡೆಗೆ ಹೋಗುತ್ತಿದ್ದಾರೆ. ನಾನು ಮೊದಲು ಹೋದಾಗ ಅಲ್ಲಿ ಕಟ್ಟಡಗಳ ಮಧ್ಯೆ ಖಾಲಿ ಮರಳೇ ಜಾಸ್ತಿ ಇತ್ತು. ಬರುವಾಗ ನೋಡಿದರೆ ಸಾಲು ಸಾಲು ಅಪಾರ್ಟ್‌ಮೆಂಟ್, ಶಾಲೆ, ಸೂಪರ್‌ಮಾರ್ಕೆಟ್.

ಹೊನ್ನಾವರದಿಂದ ಕುಮಟಾಕ್ಕೆ ಸುಮಾರು 20 ಕಿ.ಮೀ. ಅರ್ಧ ಗಂಟೆಯಲ್ಲಿ ಹೋಗುತ್ತೇವೆ. ಶಾರ್ಜಾದಿಂದ ದುಬೈಯ ದೇರಾಕ್ಕೆ ಅಷ್ಟೂ ದೂರ ಇಲ್ಲ. ಆದರೆ ಬೆಳಿಗ್ಗೆ ಏಳು ಗಂಟೆಗೆ ಅಲ್ ಇತ್ತಿಹಾದ್ ರಸ್ತೆಯಲ್ಲಿ ಸಿಕ್ಕಿಕೊಂಡರೆ ಒಂದು ಗಂಟೆ ಸಾಲುವುದಿಲ್ಲ. ದುಬೈ ಮೆಟ್ರೊ ಶಾರ್ಜಾಕ್ಕೆ ಬರುವುದಿಲ್ಲ. ಬಸ್ಸಿನಲ್ಲಿ ಗಡಿ ದಾಟಿ ಆಮೇಲೆ ಮೆಟ್ರೊ ಹಿಡಿಯಬೇಕು.

ನನ್ನ ತಪ್ಪು ಏನೆಂದರೆ, ಕೆಲಸ ದುಬೈಯ ಆ ತುದಿಯಲ್ಲಿ, ಜೆಬೆಲ್ ಅಲಿಯಲ್ಲಿ. ಬೆಡ್ ಸ್ಪೇಸ್, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಮಂಚ, ಹಿಡಿದದ್ದು ಈ ತುದಿಯ ಅಜ್ಮಾನಿನಲ್ಲಿ. ತಿಂಗಳಿಗೆ ಒಂದಿಷ್ಟು ದಿರ್ಹಂ ಉಳಿಯುತ್ತದೆ ಅನ್ನುವ ಲೆಕ್ಕ. ದೂರ 60 ಕಿ.ಮೀ. ಮೇಲೆ, ಅಂದರೆ ಹೊನ್ನಾವರದಿಂದ ಅಂಕೋಲಾ ದಾಟಿದಷ್ಟು. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಿದ್ದೆ. ಐದು ಗಂಟೆಗೆ ಕಂಪನಿಯ ಬಸ್ಸು. ರಾತ್ರಿ ರೂಮಿಗೆ ಬರುವಾಗ ಎಂಟೂವರೆ. ಅನ್ನ ಬೇಯಿಸುವ ತ್ರಾಣ ಇರುತ್ತಿರಲಿಲ್ಲ, ಹೋಟೆಲಿನಲ್ಲಿ ತಿನ್ನುತ್ತಿದ್ದೆ. ಬಾಡಿಗೆಯಲ್ಲಿ ಉಳಿಸಿದ್ದು ಊಟಕ್ಕೆ ಹೋಯಿತು, ನಿದ್ದೆ ದಾರಿಯಲ್ಲಿ ಹೋಯಿತು. ಹತ್ತು ತಿಂಗಳಲ್ಲಿ ಏಳು ಕಿಲೋ ಇಳಿದೆ.

ಅದಕ್ಕೇ ಹೇಳುವುದು, ಆಫರ್ ಬಂದ ದಿನವೇ ಮೂರು ಪ್ರಶ್ನೆ ಬರೆದು ಕಂಪನಿಗೆ ಮೇಲ್ ಮಾಡಿ. ಕೆಲಸದ ಜಾಗ ಯಾವ ಏರಿಯಾ? ರೂಮು ಕಂಪನಿಯದೋ, ನಮ್ಮದೋ? ಓಡಾಟಕ್ಕೆ ಬಸ್ಸು ಇದೆಯೋ, ಹಣ ಕೊಡುತ್ತಾರೋ? ಉತ್ತರ ಬಂದ ಮೇಲೆ ಗೂಗಲ್ ಮ್ಯಾಪಿನಲ್ಲಿ ಎರಡೂ ಜಾಗ ಹಾಕಿ, ಅಲ್ಲಿಯ ಬೆಳಗಿನ ಏಳು ಗಂಟೆಗೆ ದಾರಿ ನೋಡಿ. ನಮ್ಮ ಗಡಿಯಾರದಲ್ಲಿ ಆಗ ಎಂಟೂವರೆ, ಅಲ್ಲಿ ಒಂದೂವರೆ ಗಂಟೆ ಹಿಂದೆ. ಭಾನುವಾರ ನೋಡಬೇಡಿ, ಸೋಮವಾರ ನೋಡಿ. ಮುಕ್ಕಾಲು ಗಂಟೆಗಿಂತ ಜಾಸ್ತಿ ತೋರಿಸಿದರೆ ರೂಮು ಬೇರೆ ಕಡೆ ಹುಡುಕಿ. ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಕೊಡಿ. ಮರುಭೂಮಿಯ ಊರಿನಲ್ಲಿ ದಾರಿಯಲ್ಲಿ ಕಳೆದ ಒಂದೊಂದು ಗಂಟೆಯೂ ಮೈಯಿಂದಲೇ ಹೋಗುತ್ತದೆ.

ಸ್ವಂತ ಕಾರು ಇಟ್ಟುಕೊಳ್ಳುತ್ತೇನೆ ಅನ್ನುವವರು ಇನ್ನೊಂದು ಲೆಕ್ಕ ಸೇರಿಸಿಕೊಳ್ಳಿ. ದುಬೈಯಲ್ಲಿ ಸಾಲಿಕ್ ಅನ್ನುವ ಟೋಲ್ ಇದೆ. 2025ರ ಜನವರಿ ಕೊನೆಯಿಂದ ಜನಸಂದಣಿಯ ಹೊತ್ತಿನಲ್ಲಿ ಒಂದು ಗೇಟಿಗೆ 6 ದಿರ್ಹಂ, ಉಳಿದ ಹೊತ್ತು 4, ರಾತ್ರಿ ಒಂದರಿಂದ ಬೆಳಗಿನ ಆರರವರೆಗೆ ಇಲ್ಲ. ನಮ್ಮ ಲೈಸೆನ್ಸ್ ಅಲ್ಲಿ ನೇರವಾಗಿ ಬದಲಾಗುವುದಿಲ್ಲ, ಪರೀಕ್ಷೆ ಪಾಸಾಗಬೇಕು. ಮೊದಲ ವರ್ಷ ಕಾರಿನ ಯೋಚನೆ ಬೇಡ ಎನ್ನುವುದು ನನ್ನ ಅಭಿಪ್ರಾಯ.

ಎರಡನೇ ಹೆಜ್ಜೆ: ಒಟ್ಟು ಸಂಬಳ ಬಿಡಿ, ಬೇಸಿಕ್ ನೋಡಿ

ಆಫರ್ ಲೆಟರಿನಲ್ಲಿ 3,000 ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಕೆಳಗೆ ಸಣ್ಣದಾಗಿ ಬೇಸಿಕ್ (ಮೂಲ ಸಂಬಳ) ಎಷ್ಟು, ಅಲೋವನ್ಸ್ (ಭತ್ಯೆ) ಎಷ್ಟು ಅಂತ ಒಡೆದು ಬರೆದಿರುತ್ತಾರೆ. ಹುಡುಗರು ಅದನ್ನು ಓದುವುದೇ ಇಲ್ಲ. ಓವರ್‌ಟೈಮ್, ಗ್ರಾಚ್ಯುಟಿ (ಕೆಲಸ ಬಿಡುವಾಗ ಒಟ್ಟಿಗೆ ಸಿಗುವ ಹಣ) ಎಲ್ಲ ಬೇಸಿಕ್ ಮೇಲೆ ಲೆಕ್ಕ ಆಗುತ್ತವೆ.

ಒಂದು ಹಾಳೆ ತೆಗೆದುಕೊಂಡು ನನ್ನ ಜೊತೆ ಲೆಕ್ಕ ಹಾಕಿ. ಇಬ್ಬರು ಇದ್ದಾರೆ, ಇಬ್ಬರಿಗೂ 3,000. ಒಬ್ಬನ ಬೇಸಿಕ್ 1,500, ಇನ್ನೊಬ್ಬನದು 2,400. ಗ್ರಾಚ್ಯುಟಿ ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಅದರ ಮೇಲಿನ ವರ್ಷಗಳಿಗೆ 30 ದಿನದ್ದು. ಮೊದಲನೆಯವನಿಗೆ ದಿನಕ್ಕೆ 50 ದಿರ್ಹಂ, 21 ದಿನಕ್ಕೆ 1,050, ಐದು ವರ್ಷಕ್ಕೆ 5,250. ಎರಡನೆಯವನಿಗೆ ದಿನಕ್ಕೆ 80, 21 ದಿನಕ್ಕೆ 1,680, ಐದು ವರ್ಷಕ್ಕೆ 8,400. ತಿಂಗಳ ಸಂಬಳ ಒಂದೇ, ಆದರೆ ಊರಿಗೆ ಹೊರಡುವ ದಿನ 3,150 ದಿರ್ಹಂ ವ್ಯತ್ಯಾಸ. ಓವರ್‌ಟೈಮೂ ಹಾಗೆಯೇ. ಕಾನೂನಿನ ಪ್ರಕಾರ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಅದಕ್ಕಿಂತ ಹೆಚ್ಚಾದ ಗಂಟೆಗೆ ಬೇಸಿಕ್ ಲೆಕ್ಕದ ಕೂಲಿಯ ಮೇಲೆ ಶೇ 25 ಸೇರಿಸಿ ಕೊಡಬೇಕು. ರಾತ್ರಿ ಹತ್ತರಿಂದ ನಾಲ್ಕರವರೆಗೆ ಆದರೆ ಶೇ 50. ಮೊದಲನೆಯವನಿಗೆ ಒಂದು ಗಂಟೆ ಓವರ್‌ಟೈಮಿಗೆ 7.81 ದಿರ್ಹಂ, ಎರಡನೆಯವನಿಗೆ 12.50.

ಆದ್ದರಿಂದ ಬೇಸಿಕ್ ಏರಿಸಿ ಎಂದು ಕೇಳಿ. ಕೇಳಲು ನಾಚಿಕೆ ಬೇಡ. ವೀಸಾ ಆಗುವ ಮುಂಚೆ ಕೇಳಿದರೆ ಕೆಲವರಿಗಾದರೂ ಸ್ವಲ್ಪ ಏರಿಸುತ್ತಾರೆ. ಆಮೇಲೆ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕಾಗದದಲ್ಲಿ ನೋಡಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಪ್ರೊಬೇಷನ್ (ಪರೀಕ್ಷಾರ್ಥ ಅವಧಿ) 6 ತಿಂಗಳು ಮೀರಬಾರದು. ಒಂದು ವರ್ಷ ತುಂಬಿದ ಮೇಲೆ ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ. ಕೆಲಸ ಬಿಡುವ ಮುಂಚೆ ಕೊಡುವ ನೋಟಿಸ್ 30ರಿಂದ 90 ದಿನದ ಒಳಗೆ. ವೀಸಾ ಖರ್ಚು ನಿಮ್ಮ ಸಂಬಳದಲ್ಲಿ ಹಿಡಿಯುತ್ತೇವೆ ಅಂತ ಬರೆದಿದ್ದರೆ ಅದು ಕಾನೂನಿಗೆ ವಿರುದ್ಧ. ಆ ಖರ್ಚು ಕಂಪನಿಯದೇ. ಅಲ್ಲಿಯ ಕಾರ್ಮಿಕ ಸಚಿವಾಲಯದ ಆಫರ್ ಲೆಟರಿಗೆ ನಂಬರ್ ಇರುತ್ತದೆ. ಆ ನಂಬರ್ ಹಾಕಿ ಅವರ ವೆಬ್‌ಸೈಟಿನಲ್ಲಿ ಲೆಟರ್ ನಿಜವೋ ಸುಳ್ಳೋ ನೋಡಬಹುದು. ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಟೈಪ್ ಮಾಡಿದ ಹಾಳೆ ಒಂದೇ ಇದ್ದರೆ ಕೆಲಸ ಬಿಡಬೇಡಿ, ಎಮ್ಮೆ ಮಾರಬೇಡಿ, ಸಾಲ ಎತ್ತಬೇಡಿ.

ಮೂರನೇ ಹೆಜ್ಜೆ: ಏಜೆಂಟ್ ಮತ್ತು ಪಾಸ್‌ಪೋರ್ಟ್

ನನ್ನ ಚಿಕ್ಕಪ್ಪನ ಮಗ ಒಬ್ಬ ಏಜೆಂಟನಿಗೆ 80,000 ರೂಪಾಯಿ ಕೊಟ್ಟ. ರಸೀದಿ ಇಲ್ಲ. ವಿಸಿಟ್ ವೀಸಾದಲ್ಲಿ ಕಳಿಸಿದರು, "ಅಲ್ಲಿ ಹೋದ ಮೇಲೆ ಬದಲಾಯಿಸ್ತಾರೆ" ಅಂದರು. ಎರಡು ತಿಂಗಳು ಒಂದು ಗೋಡೌನಿನಲ್ಲಿ ದುಡಿದ, ಸಂಬಳ ಬರಲಿಲ್ಲ. ಕೇಳಲು ಹೋದರೆ ವಿಸಿಟ್ ವೀಸಾದಲ್ಲಿ ಕೆಲಸ ಮಾಡಿದ್ದೇ ತಪ್ಪು ಅನ್ನುವ ಮಾತು. ಅದು ನಿಜವೂ ಹೌದು. ವಿಸಿಟ್ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ. ಟಿಕೆಟ್ ಹಣ ಊರಿಂದ ನಾವೇ ಕಳಿಸಿದೆವು.

ಏಜೆಂಟ್ ಮೂಲಕ ಹೋಗುವುದಾದರೆ ನಮ್ಮ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಅವರ ಹೆಸರು ಇದೆಯಾ ನೋಡಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲೆ ಜಿಎಸ್‌ಟಿ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೊಡಬೇಕಾಗಿಲ್ಲ. ಬ್ಯಾಂಕ್ ಮೂಲಕವೇ ಕೊಡಿ, ರಸೀದಿ ತೆಗೆದುಕೊಳ್ಳಿ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಅಂತ ಇರುತ್ತದೆ. ಅವರು ಕೆಲಸಕ್ಕೆ ಹೊರಡುವ ಮುಂಚೆ ಇ-ಮೈಗ್ರೇಟ್ ಮೂಲಕ ಅನುಮತಿ ಪಡೆಯಲೇಬೇಕು. ಕಿರಿಕಿರಿ ಅನಿಸಬಹುದು, ಆದರೆ ಅದು ನಿಮ್ಮನ್ನು ಕಾಯುವ ವ್ಯವಸ್ಥೆ. ಪ್ರವಾಸಿ ಭಾರತೀಯ ಬೀಮಾ ಯೋಜನೆಯ ವಿಮೆಯೂ ಆಗ ಆಗುತ್ತದೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 10 ಲಕ್ಷ ರೂಪಾಯಿ ಸಿಗುತ್ತದೆ.

ಇಲ್ಲೇ ಒಂದು ಎದೆಯ ಎಕ್ಸ್‌ರೇ ಮಾಡಿಸಿ. ಅಲ್ಲಿ ರೆಸಿಡೆನ್ಸಿ ವೀಸಾ ಹಾಕುವ ಮುಂಚೆ ರಕ್ತ ಪರೀಕ್ಷೆ, ಎಕ್ಸ್‌ರೇ ಇರುತ್ತದೆ. ಚಿಕ್ಕಂದಿನಲ್ಲಿ ಕ್ಷಯ ಬಂದು ಹೋದ ಗುರುತು ಇದ್ದರೆ ಅಲ್ಲಿ ಗಾಬರಿ ಆಗುವುದಕ್ಕಿಂತ ಇಲ್ಲಿ ಡಾಕ್ಟರನ್ನು ಕಂಡು ಕಾಗದ ಇಟ್ಟುಕೊಳ್ಳುವುದು ಒಳ್ಳೆಯದು. ಡಿಪ್ಲೊಮಾ, ಡಿಗ್ರಿ ಬೇಕಾದ ಕೆಲಸವಾದರೆ ಸರ್ಟಿಫಿಕೇಟ್ ಅಟೆಸ್ಟೇಶನ್ (ದೃಢೀಕರಣ) ಮಾಡಿಸಬೇಕು. ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಈ ಸಾಲಿನಲ್ಲಿ. ಒಂದು ತಿಂಗಳು ಕೈಯಲ್ಲಿ ಇಟ್ಟುಕೊಳ್ಳಿ.

ನಾಲ್ಕನೇ ಹೆಜ್ಜೆ: ಪೆಟ್ಟಿಗೆ ಕಟ್ಟುವಾಗ ಆಯಿಯ ಕೈ ಹಿಡಿಯಿರಿ

ಹೊರಡುವ ಹಿಂದಿನ ರಾತ್ರಿ ಮನೆಯವರೆಲ್ಲ ಸೇರಿ ಪೆಟ್ಟಿಗೆ ತುಂಬುತ್ತಾರೆ. ಪ್ರೀತಿಯಿಂದ ತುಂಬುತ್ತಾರೆ, ಆದರೆ ಒಂದು ಪೊಟ್ಟಣ ನಿಮ್ಮನ್ನು ವಿಮಾನ ನಿಲ್ದಾಣದಲ್ಲೇ ನಿಲ್ಲಿಸಬಹುದು.

ಗಸಗಸೆ ಒಂದು ಕಾಳೂ ಬೇಡ. ಅಲ್ಲಿ ಗಸಗಸೆ ಮಾದಕ ವಸ್ತುವಿನ ಲೆಕ್ಕ. ಮನೆಯಲ್ಲಿ ಕುಟ್ಟಿದ ಮಸಾಲೆಪುಡಿಗೆ ಗಸಗಸೆ ಹಾಕಿದ್ದಾರಾ ಅಂತ ಕೇಳಿ. ಹಾಕಿದ್ದರೆ ಆ ಪುಡಿಯನ್ನೇ ಬಿಟ್ಟುಹೋಗಿ. ಕವಳದ (ಎಲೆಯಡಿಕೆಯ) ಸಾಮಾನು, ವೀಳ್ಯದೆಲೆ ಕೂಡ ಬೇಡ. ಶಿರಸಿ, ಸಿದ್ದಾಪುರ ಕಡೆಯವರಿಗೆ ಇದು ಕಷ್ಟ ಅಂತ ಗೊತ್ತು. ನನ್ನ ರೂಮಿನಲ್ಲಿದ್ದ ಯಲ್ಲಾಪುರದ ಹಿರಿಯರೊಬ್ಬರು ಮೊದಲ ತಿಂಗಳು ಊಟ ಆದ ಮೇಲೆ ಸುಮ್ನೆ ಕೂತು ಬಿಡುತ್ತಿದ್ದರು, ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಲವಂಗ ಇಟ್ಟುಕೊಂಡು ರೂಢಿ ಮಾಡಿಕೊಂಡರು.

ಔಷಧಿ ಇದ್ದರೆ ಡಾಕ್ಟರ ಚೀಟಿ ಜೊತೆಗೇ ಇರಲಿ. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಸಿರಪ್ ಮುಂಚೆ ಅನುಮತಿ ಇಲ್ಲದೆ ಒಯ್ಯುವಂತಿಲ್ಲ. ಪಕ್ಕದ ಮನೆಯವರು "ನಮ್ಮ ಹುಡುಗನಿಗೆ ಕೊಟ್ಟುಬಿಡು" ಅಂತ ಕೊಟ್ಟ ಪೊಟ್ಟಣ ಬಿಚ್ಚಿ ನೋಡದೆ ಹಾಕಿಕೊಳ್ಳಬೇಡಿ. ಬೇಜಾರಾದರೂ ಪರವಾಗಿಲ್ಲ, ಬಿಚ್ಚಿ ನೋಡಿ.

ಒಯ್ಯಬೇಕಾದ್ದು ಯಾವುದು? ಒಣಗಿಸಿದ ಮುರುಗಲು ಸಿಪ್ಪೆ ಒಂದು ಕಿಲೋ. ಇದು ನಿಮ್ಮ ಬೇಸಿಗೆಯ ಜೀವ. ಅಪ್ಪೆಮಿಡಿ ಉಪ್ಪಿನಕಾಯಿ ಗಟ್ಟಿ ಮುಚ್ಚಳದ ಡಬ್ಬದಲ್ಲಿ, ಮೂರು ಸುತ್ತು ಪ್ಲಾಸ್ಟಿಕ್ ಹಾಕಿ, ಚೆಕ್‌ಇನ್ ಪೆಟ್ಟಿಗೆಯಲ್ಲಿ. ಹಲಸಿನ ಹಪ್ಪಳ. ಅಕ್ಕಿ ಒಯ್ಯುವುದು ದಂಡ, ಕೇರಳದವರ ಅಂಗಡಿಗಳಲ್ಲಿ ಮಟ್ಟ ಅಕ್ಕಿ ಬೇಕಾದಷ್ಟು ಸಿಗುತ್ತದೆ. ಗಂಜಿಗೆ ಅದೇ ಸಾಕು. ಮೀನಿನ ಚಿಂತೆಯೂ ಬೇಡ. ಶಾರ್ಜಾದ ಸೂಕ್ ಅಲ್ ಜುಬೈಲ್ ಮಾರುಕಟ್ಟೆಯಲ್ಲಿ ಇಸ್ವಾಣ, ಬಂಗಡೆ ಎರಡೂ ಸಿಗುತ್ತವೆ.

ಐದನೇ ಹೆಜ್ಜೆ: ಮಲಗುವ ಜಾಗ

ಕಂಪನಿಯ ರೂಮು ಇದ್ದರೆ ಮೊದಲ ಆರು ತಿಂಗಳು ಅಲ್ಲೇ ಇರಿ. ಊರು ಅರ್ಥವಾಗಲಿ. ಸ್ವಂತ ಹುಡುಕುವವರು ಮೊದಲು ಬೆಡ್ ಸ್ಪೇಸ್ ಅಂದರೆ ಏನು ಅಂತ ತಿಳಿದುಕೊಳ್ಳಿ. ಒಂದು ರೂಮಿನಲ್ಲಿ ಆರೋ ಎಂಟೋ ಮಂಚ, ನಿಮಗೆ ಒಂದು. ಹೋಗಿ ನೋಡುವಾಗ ಬಾಡಿಗೆ ಕೇಳುವ ಮುಂಚೆ ಮೂರು ಕೆಲಸ ಮಾಡಿ. ಎಸಿ ಹಾಕಿ ಹತ್ತು ನಿಮಿಷ ಅದರ ಕೆಳಗೆ ಕೂತು ನೋಡಿ. ಬಾತ್‌ರೂಮಿನ ಬಾಗಿಲಲ್ಲಿ ಬೆಳಿಗ್ಗೆ ಎಷ್ಟು ಜನ ಸಾಲು ನಿಲ್ಲುತ್ತಾರೆ ಅಂತ ಅಲ್ಲಿಯವರನ್ನೇ ಕೇಳಿ. ಹೊರಗೆ ಹೋಗುವ ದಾರಿಯಲ್ಲಿ ಸಾಮಾನು ಅಡ್ಡ ಇದೆಯಾ ನೋಡಿ, ಬೆಂಕಿ ಬಿದ್ದರೆ ಓಡಬೇಕಾದ ದಾರಿ ಅದು. ಪ್ಲೈವುಡ್ ಗೋಡೆ ಹಾಕಿ ಕೋಣೆ ಒಡೆದ ಜಾಗಕ್ಕೆ ಹೋಗಬೇಡಿ. ಕುಟುಂಬದವರು ಇರುವ ಕಟ್ಟಡಗಳಲ್ಲಿ ಬ್ಯಾಚುಲರ್‌ಗಳನ್ನು ಇಟ್ಟಿದ್ದರೆ ಮುನ್ಸಿಪಾಲಿಟಿಯವರು ಬಂದು ಖಾಲಿ ಮಾಡಿಸುತ್ತಾರೆ, ಕೊಟ್ಟ ಅಡ್ವಾನ್ಸ್ ವಾಪಸ್ ಸಿಗುವುದು ಕಷ್ಟ.

ಸಂಸಾರ ಕರೆದುಕೊಂಡು ಹೋಗುವ ಆಸೆ ಇದ್ದವರಿಗೆ: ಸಂಬಳ ಕನಿಷ್ಠ 4,000 ದಿರ್ಹಂ ಇರಬೇಕು, ಇಲ್ಲವೇ 3,000 ಮತ್ತು ಕಂಪನಿಯ ಮನೆ. ಇದು ವೀಸಾಕ್ಕೆ ಬೇಕಾದ ಅಂಕಿ ಮಾತ್ರ. ಮಕ್ಕಳ ಸ್ಕೂಲ್ ಫೀಸು ಸೇರಿದರೆ ಅಷ್ಟರಲ್ಲಿ ಸಂಸಾರ ನಡೆಯುವುದಿಲ್ಲ. ಮನೆ ಬಾಡಿಗೆ ಸಾಮಾನ್ಯವಾಗಿ ವರ್ಷದ್ದನ್ನು ನಾಲ್ಕೋ ಆರೋ ಚೆಕ್ಕಿನಲ್ಲಿ ಮುಂಗಡವಾಗಿ ಬರೆದು ಕೊಡಬೇಕು. ಖಾತೆಯಲ್ಲಿ ಹಣ ಇಲ್ಲದೆ ಚೆಕ್ ಬರೆಯಬೇಡಿ. ಮುವೈಲಾ ಕಡೆ ಹೊಸ ಮನೆಗಳು, ಭಾರತದ ಪಠ್ಯ ಕಲಿಸುವ ಶಾಲೆಗಳು ಎರಡೂ ಇವೆ, ಕುಟುಂಬಕ್ಕೆ ಅನುಕೂಲ. ಆದರೆ ಬಸ್ಸು ಹಳೆಯ ಊರಿನಷ್ಟು ಇಲ್ಲ. ಬಾಡಿಗೆ ಕರಾರನ್ನು ಮುನ್ಸಿಪಾಲಿಟಿಯಲ್ಲಿ ದೃಢೀಕರಿಸಲು ಮರೆಯಬೇಡಿ.

ಶಾರ್ಜಾದ ಒಂದು ನಿಯಮ ಎಲ್ಲರೂ ನೆನಪಿಡಬೇಕು. ಅಲ್ಲಿ ಮದ್ಯ ಮಾರುವುದಿಲ್ಲ. ದುಬೈಯಿಂದ ತರುವುದೂ ತಪ್ಪು. ಈ ಒಂದೇ ಕಾರಣಕ್ಕೆ ಕೆಲಸ ಕಳೆದುಕೊಂಡವರನ್ನು ನೋಡಿದ್ದೇನೆ.

ಆರನೇ ಹೆಜ್ಜೆ: ಬಿಸಿಲಿಗೆ ಮೈ ಒಗ್ಗಿಸಿ

ನಾವು ಕರಾವಳಿಯವರು. ಬೆವರು ನಮಗೆ ಹೊಸದಲ್ಲ, ಅಲ್ವಾ? ನಾನೂ ಹಾಗೇ ಅಂದುಕೊಂಡು ಹೋದೆ. ಜುಲೈ ತಿಂಗಳ ಒಂದು ಬೆಳಿಗ್ಗೆ ಎಸಿ ರೂಮಿನಿಂದ ಕೆಳಗಿಳಿದು ಕಟ್ಟಡದ ಗಾಜಿನ ಬಾಗಿಲು ತಳ್ಳಿದೆ. ಕನ್ನಡಕದ ಮೇಲೆ ಆವಿ ಕೂತು ಕಣ್ಣು ಕಾಣಿಸದಾಯಿತು. ಒರೆಸಿದೆ, ಮತ್ತೆ ಕೂತಿತು. ಗಂಟೆ ಇನ್ನೂ ಐದು. ಸೂರ್ಯ ಹುಟ್ಟಿರಲಿಲ್ಲ. ನಮ್ಮಲ್ಲಿ ಏಪ್ರಿಲ್ ಸೆಕೆಗೆ ಸಂಜೆ ಸಮುದ್ರದ ಗಾಳಿ ಬರುತ್ತದೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲು 40 ಡಿಗ್ರಿ ಮೇಲೆ, ಸಮುದ್ರದ ತೇವ ಬೇರೆ, ರಾತ್ರಿಯೂ ಬಿಡುವಿಲ್ಲ.

ಆದಷ್ಟು ಅಕ್ಟೋಬರ್ ನಂತರ ಸೇರುವಂತೆ ಕೇಳಿಕೊಳ್ಳಿ. ಬೇಸಿಗೆಯಲ್ಲೇ ಹೋಗಬೇಕಾದರೆ ಮೊದಲ ಎರಡು ವಾರ ಮೈ ಒಗ್ಗಲು ಬೇಕು. ಆಗ ಯಾರ ಜೊತೆಗೂ ಪಂತಕ್ಕೆ ಬಿದ್ದು ದುಡಿಯಬೇಡಿ. ಹಳಬರು ಮಾಡುತ್ತಾರೆ ಅಂತ ನೀವೂ ಮಾಡಲು ಹೋಗಬೇಡಿ. ಬಾಯಾರುವ ಮುಂಚೆ ನೀರು ಕುಡಿಯಿರಿ. ಬರೀ ನೀರು ಸಾಲುವುದಿಲ್ಲ, ಬೆವರಿನಲ್ಲಿ ಉಪ್ಪು ಹೋಗುತ್ತದೆ. ಗಂಜಿತಿಳಿಗೆ ಉಪ್ಪು ಹಾಕಿ ಕುಡಿಯಿರಿ. ನಾನು ರಾತ್ರಿ ನಾಲ್ಕು ಮುರುಗಲು ಸಿಪ್ಪೆ ಒಂದು ಬಾಟಲಿ ನೀರಿಗೆ ಹಾಕಿಟ್ಟು, ಬೆಳಿಗ್ಗೆ ಉಪ್ಪು, ಚೂರು ಬೆಲ್ಲ ಸೇರಿಸಿ ಒಯ್ಯುತ್ತಿದ್ದೆ. ಮೊದಮೊದಲು ನಕ್ಕ ನೇಪಾಳದ ಗೆಳೆಯರು ಆಮೇಲೆ ತಾವೇ ಕೇಳಿ ಕುಡಿಯುತ್ತಿದ್ದರು. ಮೂತ್ರದ ಬಣ್ಣ ನೋಡಿಕೊಳ್ಳಿ. ಕಡು ಹಳದಿಯಾದರೆ ನೀರು ಸಾಲುತ್ತಿಲ್ಲ.

ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3:00ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಮಾಡಿಸಿದರೆ ಕಂಪನಿಗೆ ಒಬ್ಬ ಕೆಲಸಗಾರನ ಲೆಕ್ಕದಲ್ಲಿ 5,000 ದಿರ್ಹಂ ದಂಡ. ನೆರಳಿನ ಜಾಗ, ತಣ್ಣೀರು ಕೊಡುವುದೂ ಅವರ ಜವಾಬ್ದಾರಿ. ಜೊತೆಯವರು ಯಾರಾದರೂ ತೊದಲತೊಡಗಿದರೆ, ಮೈ ಕೆಂಡದಂತೆ ಸುಟ್ಟರೆ, ಏನೇನೋ ಮಾತಾಡಿದರೆ ಅದು ಸುಸ್ತಲ್ಲ, ಬಿಸಿಲ ಹೊಡೆತ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈ ಮೇಲೆ ನೀರು ಸುರಿದು 998ಕ್ಕೆ ಫೋನ್ ಮಾಡಿ. ಸೂಪರ್‌ವೈಸರ್ ಬರಲಿ ಅಂತ ಕಾಯಬೇಡಿ.

ಸ್ನಾನದ ನೀರಿನ ಒಂದು ಉಪಾಯ ಹೇಳುತ್ತೇನೆ. ಬೇಸಿಗೆಯಲ್ಲಿ ತಾರಸಿ ಟ್ಯಾಂಕಿನ ನೀರು ಕುದಿಯುತ್ತಿರುತ್ತದೆ, ತಣ್ಣೀರಿನ ನಲ್ಲಿಯಲ್ಲಿ ಬರುವುದು ಅದೇ. ಮೇ ತಿಂಗಳಲ್ಲೇ ಗೀಸರಿನ ಸ್ವಿಚ್ ಆರಿಸಿಬಿಡಿ. ಗೀಸರ್ ಮನೆಯೊಳಗೆ ಎಸಿ ತಂಪಿನಲ್ಲಿ ಇರುವುದರಿಂದ ಅದರೊಳಗಿನ ನೀರು ರಾತ್ರಿಯಲ್ಲಿ ಆರುತ್ತದೆ. ಬೆಳಿಗ್ಗೆ ಬಿಸಿನೀರಿನ ನಲ್ಲಿ ತಿರುಗಿಸಿದರೆ ತಂಪು ನೀರು. ಆದರೆ ಒಂದು ಗೀಸರಿನಲ್ಲಿ ಇಬ್ಬರಿಗಷ್ಟೇ ಸಾಕು, ಮೊದಲು ಎದ್ದವರಿಗೆ.

ಮಳೆ ಬಂದರೆ

ಹೊನ್ನಾವರದಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಅಲ್ಲಿ ವರ್ಷದ ಮಳೆ ನಮ್ಮ ಆಷಾಢದ ಒಂದು ಜೋರು ದಿನದಷ್ಟು. ಹಾಗಾಗಿ ಮಳೆಯ ಬಗ್ಗೆ ನಮ್ಮವರು ಹಗುರವಾಗಿ ಮಾತಾಡುತ್ತಾರೆ. 2024ರ ಏಪ್ರಿಲ್ 16ರಂದು ನಾನು ಅಲ್ಲೇ ಇದ್ದೆ. ಅಲ್ ಐನ್ ಹತ್ತಿರದ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254.8 ಮಿ.ಮೀ. ಬಿತ್ತು. 1949ರಲ್ಲಿ ದಾಖಲೆ ಇಡಲು ಶುರು ಮಾಡಿದ ಮೇಲೆ ಅಷ್ಟು ಮಳೆ ಅಲ್ಲಿ ಬಿದ್ದೇ ಇರಲಿಲ್ಲ. ನಮ್ಮಲ್ಲಾದರೆ ನೀರು ಗಟಾರಕ್ಕೆ, ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಶರಾವತಿಗೆ ಹೋಗುತ್ತದೆ. ಶಾರ್ಜಾದಲ್ಲಿ ನೀರು ಹೋಗಲು ದಾರಿಯೇ ಇಲ್ಲ. ಅಲ್ ಮಜಾಜ್, ಅಲ್ ಖಾಸಿಮಿಯಾ ಬೀದಿಗಳಲ್ಲಿ ದಿನಗಟ್ಟಲೆ ನಿಂತಿತು. ನಮ್ಮ ಕಟ್ಟಡದಲ್ಲಿ ಲಿಫ್ಟ್ ನಿಂತಿತು, ಕರೆಂಟ್ ಹೋಯಿತು, ಪಂಪ್ ಇಲ್ಲದೆ ಕುಡಿಯುವ ನೀರೂ ಇಲ್ಲ. ಆಮೇಲಿಂದ ಮಂಚದ ಕೆಳಗೆ ಯಾವಾಗಲೂ ಎರಡು ದೊಡ್ಡ ಕ್ಯಾನ್ ನೀರು, ಅವಲಕ್ಕಿ, ಪವರ್ ಬ್ಯಾಂಕ್ ಇಡುತ್ತಿದ್ದೆ. ನೀವೂ ಇಡಿ. ಮಳೆ ಮುನ್ಸೂಚನೆ ಇದ್ದರೆ ಕಾರು ಬೇಸ್‌ಮೆಂಟಿನಲ್ಲಿ ನಿಲ್ಲಿಸಬೇಡಿ.

ಸಂಬಳ ನಿಂತರೆ

ಸಂಬಳ ಬ್ಯಾಂಕ್ ಅಥವಾ ಸಂಬಳದ ಕಾರ್ಡಿನ ಮೂಲಕವೇ ಬರಬೇಕು, ಅದನ್ನು ಸರ್ಕಾರ ನೋಡುತ್ತಿರುತ್ತದೆ. ಕೈಗೆ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಕೊಡಬೇಕಾದ ದಿನ ಕಳೆದು 15 ದಿನ ಆದರೂ ಬರದಿದ್ದರೆ ಕಾರ್ಮಿಕ ಸಚಿವಾಲಯದ ಆ್ಯಪಿನಲ್ಲಿ ದೂರು ಕೊಡಬಹುದು. ಮೂರು ನಾಲ್ಕು ತಿಂಗಳು ಕಾಯುತ್ತಾ ಕೂರಬೇಡಿ. 50,000 ದಿರ್ಹಂವರೆಗಿನ ಬಾಕಿಯನ್ನು ಸಚಿವಾಲಯವೇ ತೀರ್ಮಾನಿಸಬಹುದು, ಕೋರ್ಟಿಗೆ ಅಲೆಯಬೇಕಾಗಿಲ್ಲ. ದೂರು ಕೊಡದೆ ಸುಮ್ಮನೆ ಓಡಿಹೋಗಿ ಬೇರೆ ಕಡೆ ಸೇರಿಕೊಂಡರೆ ನ್ಯಾಯ ನಿಮ್ಮ ಕಡೆ ಇದ್ದರೂ ಕೇಸು ನಿಮ್ಮ ಮೇಲೆ ಬೀಳುತ್ತದೆ. ಪಾಸ್‌ಪೋರ್ಟ್ ನಿಮ್ಮ ಬಳಿಯೇ ಇರಬೇಕು, ಕಂಪನಿ ಹಿಡಿದಿಟ್ಟುಕೊಳ್ಳುವಂತಿಲ್ಲ. ಏನು ಮಾಡಬೇಕೆಂದು ತೋಚದಿದ್ದರೆ ಭಾರತೀಯರ ಸಹಾಯ ಕೇಂದ್ರದ 80046342ಕ್ಕೆ ಫೋನ್ ಮಾಡಿ, ಹಣ ಬೀಳುವುದಿಲ್ಲ.

ಎರಡು ವಿಮೆ ಮರೆಯಬೇಡಿ. ಕೆಲಸ ಹೋದರೆ ಸಿಗುವ ವಿಮೆಗೆ, ಬೇಸಿಕ್ 16,000 ದಿರ್ಹಂವರೆಗೆ ಇರುವವರು ತಿಂಗಳಿಗೆ 5 ದಿರ್ಹಂ ಕಟ್ಟಬೇಕು. ಕಟ್ಟದಿದ್ದರೆ 400 ದಿರ್ಹಂ ದಂಡ. ಒಂದು ವರ್ಷ ಕಟ್ಟಿದ್ದವರಿಗೆ, ತಪ್ಪಿಲ್ಲದೆ ಕೆಲಸ ಹೋದರೆ, ಬೇಸಿಕ್‌ನ ಶೇ 60ರಷ್ಟು ಮೂರು ತಿಂಗಳವರೆಗೆ ಬರುತ್ತದೆ. ಆರೋಗ್ಯ ವಿಮೆ 2025ರ ಜನವರಿ 1ರಿಂದ ಶಾರ್ಜಾ, ಅಜ್ಮಾನಿನಲ್ಲೂ ಕಡ್ಡಾಯ, ಅದರ ಹಣ ಕಂಪನಿಯದು.

ಊರಿನಲ್ಲಿ ಮಾಡಿಟ್ಟು ಹೋಗಬೇಕಾದ್ದು

ಹೊರಟ ಮೇಲೆ ಊರಿನ ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಯ ಊರಿನ ಆದಾಯದ ಖಾತೆ) ಮಾಡಿಸಬೇಕು, ಅಲ್ಲಿಂದ ಹಣ ಕಳಿಸಲು ಎನ್‌ಆರ್‌ಇ (ಅನಿವಾಸಿಯ ವಿದೇಶದ ದುಡಿಮೆಯ ಖಾತೆ) ತೆರೆಯಬೇಕು. ತೋಟ ಕೊಳ್ಳುವ ಕನಸಿದ್ದರೆ ಒಂದು ವಿಷಯ ತಿಳಿದಿರಲಿ. ಅನಿವಾಸಿಯಾಗಿರುವಾಗ ಕೃಷಿ ಜಮೀನು, ತೋಟ ಖರೀದಿ ಮಾಡುವಂತಿಲ್ಲ. ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಅಡಿಕೆ ತೋಟಕ್ಕೆ ಅಡ್ವಾನ್ಸ್ ಕೊಟ್ಟು ಸಿಕ್ಕಿಬಿದ್ದವರು ನಮ್ಮ ತಾಲೂಕಿನಲ್ಲೇ ಇದ್ದಾರೆ.

ಕೊನೆಗೆ ಒಂದು ಹಾಳೆ. ಕಂಪನಿಯ ಹೆಸರು, ವಿಳಾಸ, ಫೋನ್, ಪಾಸ್‌ಪೋರ್ಟ್ ನಂಬರ್, ವಿಮೆ ನಂಬರ್, ಅಲ್ಲಿ ಜೊತೆಗಿರುವ ಇಬ್ಬರ ಫೋನ್ ನಂಬರ್ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಕಪಾಟಿನ ಬಾಗಿಲಿನ ಒಳಗೆ ಅಂಟಿಸಿ. ನಮ್ಮ ಮನೆಯಲ್ಲಿ ಅಂಟಿಸಿದ ಹಾಳೆ ಈಗಲೂ ಇದೆ. ಒಂದು ಸಲ ನನಗೆ ಜ್ವರ ಬಂದು ಮೂರು ದಿನ ಫೋನ್ ಎತ್ತದಿದ್ದಾಗ ಆಯಿ ಅದನ್ನೇ ನೋಡಿ ರೂಮಿನ ಗೆಳೆಯನಿಗೆ ಫೋನ್ ಮಾಡಿಸಿದ್ದಳು.

ಮೊನ್ನೆ ಆ ಹುಡುಗ ಮತ್ತೆ ಮನೆಗೆ ಬಂದಿದ್ದ. ಕಂಪನಿ ಉತ್ತರ ಕೊಟ್ಟಿತ್ತು. ಕೆಲಸ ದುಬೈಯಲ್ಲಲ್ಲ, ಶಾರ್ಜಾದ ಹೊರಗಿನ ಸಜಾ ಇಂಡಸ್ಟ್ರಿಯಲ್ ಏರಿಯಾದಲ್ಲಿ. ರೂಮು ಕಂಪನಿಯದೇ, ಮ್ಯಾಪಿನಲ್ಲಿ ಹತ್ತು ನಿಮಿಷದ ದಾರಿ. ಬೇಸಿಕ್ ಮಾತ್ರ 1,400. 2,000 ಮಾಡಿಕೊಡಿ ಅಂತ ಇಬ್ಬರೂ ಕೂತು ಮೇಲ್ ಬರೆದು ಕಳಿಸಿದೆವು. ಮಸಾಲೆಪುಡಿಗೆ ಏನೇನು ಹಾಕಿದ್ದಾಳೆ ಅಂತ ಅವನ ಆಯಿಯನ್ನು ಕೇಳಿಕೊಂಡು ಬಾ ಅಂತಲೂ ಹೇಳಿದ್ದೇನೆ.